ಬ್ಲೆಂಡರ್ ಪಾಠಗಳಲ್ಲಿ ಅಳತೆಪಟ್ಟಿಗೆ ಜಾಗವೆಲ್ಲಿ?

ಗಣಕದ ತೆರೆಯ ಮೇಲೆ ಮನೆ, ಮರ, ಪಾತ್ರೆಗಳನ್ನು ಮೂರು ಆಯಾಮಗಳಲ್ಲಿ ಕಟ್ಟಲು ಕಲಿಯಬೇಕೆನ್ನುವವರಿಗೆ ಇಂದು ತಂತ್ರಾಂಶದ ಬೆಲೆ ಅಡ್ಡಿಯಲ್ಲ. ಬ್ಲೆಂಡರ್ ಉಚಿತವಾಗಿ ದೊರೆಯುತ್ತದೆ. ಇದನ್ನು ರೂಪಿಸಿದ ನೆದರ್ಲೆಂಡ್ಸ್‌ನ ಟಾನ್ ರೂಸೆಂಡಾಲ್ ಅವರ ಕಂಪನಿ 2002ರಲ್ಲಿ ಮುಚ್ಚಿದಾಗ, ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಚಂದಾ ಕೂಡಿತು. ಅಡವಿಟ್ಟ ಒಡವೆಯನ್ನು ಬಿಡಿಸಿಕೊಂಡಂತೆ ತಂತ್ರಾಂಶ ಸಾರ್ವಜನಿಕರ ಕೈ ಸೇರಿತು. ಕೊರತೆ ಇರುವುದು ಅದನ್ನು ಕಲಿಸುವ ಬಗೆಯಲ್ಲಿ.

ಹೊಸಬರಲ್ಲಿ ಅನೇಕರು ಆರಂಭಿಸುವುದು ಆಸ್ಟ್ರೇಲಿಯದ ಆಂಡ್ರ್ಯೂ ಪ್ರೈಸ್ ಅವರ ವಿಡಿಯೋ ಪಾಠದಿಂದ. ಅದರಲ್ಲಿ ಮಾಡುವುದು ಡೋನಟ್, ಅಂದರೆ ನಮ್ಮ ಉದ್ದಿನವಡೆಯಂತೆ ನಡುವೆ ತೂತಿರುವ ಸಿಹಿ ತಿನಿಸು. ಪಾಠ ಸೊಗಸಾಗಿದೆ, ತಾಳ್ಮೆಯಿದೆ. ಆಕಾರ, ಬಣ್ಣ, ಬೆಳಕು ಮೂರೂ ಒಂದೇ ಸುತ್ತಿನಲ್ಲಿ ಪರಿಚಯವಾಗುತ್ತವೆ. ಆದರೆ ಉಂಗುರದ ಆಕಾರ ತಂತ್ರಾಂಶದ ಪಟ್ಟಿಯಲ್ಲೇ ಸಿದ್ಧವಾಗಿ ಸಿಗುತ್ತದೆ. ಡೋನಟ್ ಮುಗಿಸಿದವರು ಮನೆಯ ಕುರ್ಚಿಯನ್ನು ಮಾಡಹೊರಟರೆ ಮೊದಲ ಕಾಲಿನಲ್ಲೇ ನಿಲ್ಲುತ್ತಾರೆ. ತಮಗೆ ಕೈಗುಣವಿಲ್ಲವೆಂದು ಬಿಟ್ಟೂಬಿಡುತ್ತಾರೆ. ತಪ್ಪು ಅವರದಲ್ಲ. ವಸ್ತುವನ್ನು ನೋಡಿ ಅಳೆಯುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಬ್ಲೆಂಡರ್‌ನ ಅಧಿಕೃತ ಕೈಪಿಡಿಯೂ ನಿಘಂಟಿನಂತೆ: ಯಾವ ಗುಂಡಿ ಏನು ಮಾಡುತ್ತದೆಂದು ತಿಳಿಸುತ್ತದೆ, ಯಾವಾಗ ಒತ್ತಬೇಕೆಂದು ಅಲ್ಲ.

1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ನ್ಯೂವೆಲ್ ಮನೆಯ ಟೀ ಕುಡಿಕೆಯನ್ನು ಗ್ರಾಫ್ ಕಾಗದದ ಮೇಲೆ ಬರೆದುಕೊಂಡು, ಅದರ ವಕ್ರರೇಖೆಗಳ ಬಿಂದುಗಳನ್ನು ಗಣಕಕ್ಕೆ ಊಡಿಸಿದರು. ಆ ಕುಡಿಕೆ ಇಂದಿಗೂ ಗ್ರಾಫಿಕ್ಸ್ ಲೋಕದಲ್ಲಿ ಪ್ರಸಿದ್ಧ. ಕಾಗದ, ಕಣ್ಣು, ಆಮೇಲೆ ಗಣಕ: ಈ ಕ್ರಮವನ್ನೇ ಇಂದಿನ ಪಾಠಗಳು ಕೈಬಿಟ್ಟಿವೆ.

ನೀವೇ ಪರೀಕ್ಷಿಸಿ ನೋಡಿ. ಮನೆಯ ತಂಬಿಗೆಯನ್ನು ಎದುರಿಗಿಟ್ಟುಕೊಳ್ಳಿ. ಪ್ರತಿ ಎತ್ತರದಲ್ಲೂ ಅದರ ಅಗಲವನ್ನು ಅಳೆದು, ಅರ್ಧ ಅಂಚನ್ನು ಗ್ರಾಫ್ ಕಾಗದದಲ್ಲಿ 12 ಬಿಂದುಗಳಿಂದ ಗುರುತಿಸಿ. ಬ್ಲೆಂಡರ್‌ನಲ್ಲಿ ಅವನ್ನು ಜೋಡಿಸಿ, ‘ಸ್ಪಿನ್’ ಸಾಧನದಿಂದ 16 ಹೆಜ್ಜೆಗಳಲ್ಲಿ ಪೂರ್ಣ ಸುತ್ತು ತಿರುಗಿಸಿ. ಚನ್ನಪಟ್ಟಣದ ಬೊಂಬೆ ಕಡೆಯುವವರ ಲೇತ್ ನೆನಪಾಗದಿರದು. 11 ಗೆರೆತುಂಡುಗಳು, 16 ಹೆಜ್ಜೆ, ಒಟ್ಟು 176 ಚತುರ್ಭುಜಗಳು. ತಳ ಸದ್ಯಕ್ಕೆ ಬೇಡ. ನ್ಯೂವೆಲ್ಲರ ಮೊದಲ ಕುಡಿಕೆಗೂ ತಳವಿರಲಿಲ್ಲ! ನಯಗೊಳಿಸುವ ಆಯ್ಕೆಯ ಒಂದೊಂದು ಹಂತದಲ್ಲೂ ಪ್ರತಿ ಚತುರ್ಭುಜ ನಾಲ್ಕಾಗುತ್ತದೆ. ಎರಡನೇ ಹಂತಕ್ಕೆ 2,816, ಆರನೇ ಹಂತಕ್ಕೆ 7,20,896. ಹಳೆಯ ಗಣಕ ಏಕೆ ತಿಣುಕುತ್ತದೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಇನ್ನೊಂದು ತೊಡಕು ಗಾತ್ರದ್ದು. ಬ್ಲೆಂಡರ್ ತೆರೆದೊಡನೆ ಕಾಣುವ ಘನದ ಬದಿ 2 ಮೀಟರ್. ಅದಕ್ಕೆ ಸರಿಯಾಗಿ ಕಟ್ಟಿದರೆ 20 ಸೆಂಟಿಮೀಟರ್ ತಂಬಿಗೆ ಹತ್ತು ಪಟ್ಟು ದೊಡ್ಡದಾಗುತ್ತದೆ. ಚಿತ್ರದಲ್ಲಿ ಗೊತ್ತಾಗುವುದಿಲ್ಲ, ಬೀಳಿಸಿದಾಗ ಗೊತ್ತಾಗುತ್ತದೆ. 1 ಮೀಟರ್ ಎತ್ತರದ ಮೇಜಿನಿಂದ ನಿಜವಾದ ತಂಬಿಗೆ ಸುಮಾರು 0.45 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಎಲ್ಲವೂ ಹತ್ತು ಪಟ್ಟಾದ ಲೋಕದಲ್ಲಿ ಮೇಜು 10 ಮೀಟರ್; ಗುರುತ್ವ ಮಾತ್ರ ಬದಲಾಗದ್ದರಿಂದ ಬೀಳಲು 1.43 ಸೆಕೆಂಡು ಬೇಕು. ತಂಬಿಗೆ ನೀರಿನಲ್ಲಿ ಮುಳುಗಿದಂತೆ ನಿಧಾನವಾಗಿ ಇಳಿಯುತ್ತದೆ, ಕಲಿಯುವವರು ತಂತ್ರಾಂಶವನ್ನು ಬೈಯುತ್ತಾರೆ.