ಊರ ಕೌದಿಗೆ ಏಳು ಸಾಲು: ಒಂದು ವ್ಯಾಖ್ಯಾನ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಊರ ಹೆಣ್ಣುಮಕ್ಕಳನ್ನು ಕೂಡಿಸಿ ಒಂದು ದೊಡ್ಡ ಕೌದಿ ಹೊಲಿಸಬೇಕು, ಅದನ್ನು ನಾಲ್ಕು ಜನ ಓಡಾಡುವ ಜಾಗದಲ್ಲಿ ತೂಗುಹಾಕಬೇಕು ಎನ್ನುವ ಮೇಷ್ಟ್ರುಗಳು, ಸ್ತ್ರೀಶಕ್ತಿ ಸಂಘದವರು, ಚಿತ್ರಕಾರರು ಇದ್ದಾರೆ. ಅಂಥವರು ಶಿಬಿರದ ಗೋಡೆಗೆ ಅಂಟಿಸಿಕೊಳ್ಳಲಿ ಎಂದು ಏಳು ಸಾಲು ಬರೆದಿದ್ದೇನೆ. ಸಾಲು ಚಿಕ್ಕವಾದ್ದರಿಂದ ಅವುಗಳ ಹಿಂದಿನ ಕಾರಣವನ್ನು ಬಿಡಿಸಿ ಹೇಳಬೇಕಾಗಿದೆ.

1. ಉಟ್ಟು ಹಳತಾದ ಬಟ್ಟೆ ತನ್ನಿ.

ಹಳೇ ಸೀರೆ, ಪಂಚೆ, ಲಂಗಗಳನ್ನು ಪದರ ಪದರವಾಗಿ ಹಾಸಿ, ಎಲ್ಲ ಪದರಕ್ಕೂ ದಾರ ಹಾಯುವಂತೆ ಸಾದಾ ಕೈಹೊಲಿಗೆ ಹಾಕಿದರೆ ಕೌದಿ. ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ ಸೂಜಿ ಸಲೀಸಾಗಿ ಇಳಿಯುತ್ತದೆ. ಹೊಸ ಥಾನಿನಲ್ಲಿ ಗಂಜಿ ಇರುತ್ತದೆ. ಸೂಜಿ ತಡೆಯುತ್ತದೆ, ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ ಪಕ್ಕದ ತುಂಡನ್ನು ಜಗ್ಗುತ್ತದೆ. ಹಳೇ ಬಟ್ಟೆಯಾದರೂ ಕೆಂಪು, ಕಡುನೀಲಿ ಇದ್ದರೆ ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ, ಬಣ್ಣ ಬಿಡುವುದನ್ನು ಹೊರಗಿಡಿ.

ಬಟ್ಟೆಯ ಜೊತೆ ಅದನ್ನು ಉಟ್ಟವರ ಬದುಕೂ ಬರುತ್ತದೆ, ಇದು ಎರಡನೆಯ ಕಾರಣ. ಚಿಲಿ ದೇಶದಲ್ಲಿ 1973ರಲ್ಲಿ ಸೇನೆ ಅಧಿಕಾರ ಹಿಡಿದು ಸಾವಿರಾರು ಜನರನ್ನು ಹಿಡಿದೊಯ್ದಾಗ, ಅವರ ತಾಯಂದಿರು, ಹೆಂಡಂದಿರು ಚರ್ಚಿನ ಆಸರೆಯಲ್ಲಿ ಕೂತು ಗೋಣಿತಾಟಿನ ಮೇಲೆ ಬಟ್ಟೆಯ ಚೂರು ಹೊಲಿದು ನಡೆದದ್ದನ್ನೆಲ್ಲ ಚಿತ್ರವಾಗಿಸಿದರು. ಕಾಣೆಯಾದ ತಮ್ಮವರ ಅಂಗಿಯ ತುಂಡನ್ನೇ ಕೆಲವರು ಅದರಲ್ಲಿ ಸೇರಿಸಿದರು. ನೋಡಿದವರಿಗೆ ವಿವರಣೆ ಬೇಕಾಗಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಬಟ್ಟೆ ತನ್ನಿ ಎಂದರೆ ಮೊಳಕಾಲ್ಮೂರು ರೇಷ್ಮೆ ಸೀರೆಯ ಅಂಚು ಬಂದೀತು, ಚಳ್ಳಕೆರೆ ಕಂಬಳಿಯ ಮೂಲೆ ಬಂದೀತು, ಲಂಬಾಣಿ ತಾಂಡಾದ ಫೇಟಿಯಾ ಲಂಗದಿಂದ ಕಿತ್ತ ಕನ್ನಡಿ ಬಂದೀತು. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಉಣ್ಣೆಯೂ ದಪ್ಪ. ಸಣ್ಣ ಸೂಜಿ ಅದರಲ್ಲಿ ಮುರಿಯುತ್ತದೆ, ದಬ್ಬಣವೇ ಬೇಕು. ಭಾರವಾದ್ದರಿಂದ ಕಂಬಳಿ ತುಂಡುಗಳೆಲ್ಲ ಕೆಳಗಿನ ಸಾಲಿಗಿರಲಿ. ಬಟ್ಟೆ ತೂಗಿದಾಗ ನೆಟ್ಟಗೆ ನಿಲ್ಲುತ್ತದೆ. ಒಂದು ಎಚ್ಚರಿಕೆ: ಲಂಬಾಣಿ ಅಜ್ಜಿ ತನ್ನ ಮದುವೆಯ ಕಾಂಚಳಿ ರವಿಕೆ ತಂದುಕೊಟ್ಟರೆ ಅದಕ್ಕೆ ಕತ್ತರಿ ಹಾಕಬೇಡಿ. ಅವಳು ಒಪ್ಪಿದರೂ ಬೇಡ. ಅಂಥ ಕೈಕೆಲಸ ಮತ್ತೆ ಸಿಗುವುದಿಲ್ಲ. ಅದನ್ನು ಮುಂದಿಟ್ಟುಕೊಂಡು ಬೇರೊಂದು ತುಂಡಿನ ಮೇಲೆ ಅದೇ ಹೊಲಿಗೆ ಹಾಕಲು ಅವಳನ್ನೇ ಕೇಳಿ.

2. ಅಳತೆ ಎಲ್ಲರಿಗೂ ಒಂದೇ, ಒಳಗಿನದು ಅವರವರದು.

ಏಳರಲ್ಲಿ ನಾನು ಬಿಟ್ಟುಕೊಡಲಾರದ ಸಾಲು ಇದು. ಶಿಬಿರ ನಡೆಸುವವರು ಅಳತೆ, ದಾರ, ಅಂಚು ಈ ಮೂರನ್ನು ಗಟ್ಟಿಯಾಗಿ ಹಿಡಿಯಬೇಕು. ಉಳಿದದ್ದರ ಮೇಲಿಂದ ಕೈ ತೆಗೆಯಬೇಕು. ಹದಿನಾಲ್ಕು ಅಂಗುಲದ ಚೌಕ ಕತ್ತರಿಸಿ ಕೊಡಿ. ನಾಲ್ಕೂ ಕಡೆ ಒಂದೊಂದು ಅಂಗುಲ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಅದು ಜೋಡಣೆಗೆ. ಒಳಗಿನ ಒಂದು ಅಡಿ ಹೊಲಿಯುವವರದು. ಅಡ್ಡಕ್ಕೆ ಹನ್ನೆರಡು, ಉದ್ದಕ್ಕೆ ಎಂಟು ಸೇರಿದರೆ 96 ಚೌಕ, ಹನ್ನೆರಡಡಿ ಅಗಲ ಎಂಟಡಿ ಎತ್ತರದ ಬಟ್ಟೆ. ಒಂದು ಪಂಚಾಯಿತಿಯ ಹಳ್ಳಿ, ಹಟ್ಟಿ, ತಾಂಡಾಗಳಿಗೆಲ್ಲ ಪಾಲು ಸಿಗುವಷ್ಟು ದೊಡ್ಡದು, ನಾಲ್ಕು ಜನ ಹಿಡಿದು ಮಡಚಿಡುವಷ್ಟು ಚಿಕ್ಕದು.

ಅಳತೆಯೊಂದನ್ನೇ ನಂಬಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ಏಡ್ಸ್ ಸ್ಮಾರಕ ಕೌದಿಯನ್ನು ನೋಡಬೇಕು. ರೋಗದಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಮೂರಡಿ ಅಗಲ, ಆರಡಿ ಉದ್ದದ ಒಂದು ಹಾಸು. ಅದು ಒಂದು ಗೋರಿಯಷ್ಟು ಜಾಗ. ಏನು ಹೊಲಿಯಬೇಕೆಂದು ಯಾರೂ ಹೇಳಲಿಲ್ಲ. ಎಂಟು ಹಾಸು ಸೇರಿಸಿದರೆ ಹನ್ನೆರಡಡಿಯ ಒಂದು ಚೌಕವಾಗುತ್ತದೆ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಹರಡಿದಾಗ 1,920 ಹಾಸುಗಳಿದ್ದವು, ಇಂದು ಸುಮಾರು 50,000. ಒಬ್ಬರನ್ನೊಬ್ಬರು ಕಾಣದವರು ಹೊಲಿದದ್ದು ಇಷ್ಟು ಸಲೀಸಾಗಿ ಕೂಡಿಕೊಂಡದ್ದು ಆ ಮೂರು-ಆರರ ಲೆಕ್ಕದಿಂದ.

ಇದಕ್ಕೆ ವಿರುದ್ಧವಾದ ದಾರಿಯೂ ಇದೆ, ಅದೇ ಹೆಚ್ಚು ಬಳಕೆಯಲ್ಲಿದೆ. ಚಿತ್ರಕಾರರು ಏಳು ಸುತ್ತಿನ ಕೋಟೆಯನ್ನೋ ಒನಕೆ ಹಿಡಿದ ಓಬವ್ವನನ್ನೋ ಮೊದಲೇ ಬರೆದು, ಚೌಕ ಚೌಕ ಮಾಡಿ ಹಂಚುತ್ತಾರೆ. ಹೆಂಗಸರು ಗೆರೆಯ ಮೇಲೆ ದಾರ ತುಂಬುತ್ತಾರೆ. ಬಟ್ಟೆ ಚೆಂದವಾಗಿಯೇ ಬರುತ್ತದೆ. ಆದರೆ ಅದು ಆ ಚಿತ್ರಕಾರರೊಬ್ಬರ ಕೃತಿ, ಹೊಲಿದವರದು ದುಡಿಮೆ ಮಾತ್ರ. ಓಬವ್ವನನ್ನು ಹೊಲಿಯಬೇಕು ಅನ್ನಿಸಿದವಳು ತಾನಾಗಿ ಹೊಲಿಯುತ್ತಾಳೆ. ಅವಳ ಪಕ್ಕದವಳು ಬೋರ್‌ವೆಲ್ ಲಾರಿಯನ್ನು ಹೊಲಿದರೆ ಅದೂ ಈ ಜಿಲ್ಲೆಯ ಚರಿತ್ರೆಯೇ.

3. ನೆಲದ ಮೇಲೆ ಕೂರೋಣ.

ಕೌದಿಯನ್ನು ಹಾಸುವುದು ನೆಲದ ಮೇಲೆ, ಹೊಲಿಯುವವರು ಕೂರುವುದು ಅದರ ಸುತ್ತ. ಹೇಳಿಕೊಡುವವರು ನಿಂತುಕೊಂಡರೆ ಅದು ಶಾಲೆಯಾಗುತ್ತದೆ. ವಯಸ್ಸಾದವರಿಗೆ ಬೇಕಾದರೆ ಕುರ್ಚಿ ಕೊಡಿ. ತಾಂಡಾದ ಹಿರಿಯರನ್ನು ಯಾಡಿ (ತಾಯಿ) ಎಂದು ಕರೆಯಿರಿ, ಹಟ್ಟಿಯವರನ್ನು ಅಮ್ಮ, ಅಕ್ಕ ಎನ್ನಿ. ಹಾಜರಿ ಪುಸ್ತಕದ ಹೆಸರು ಹಿಡಿದು ಕೂಗಬೇಡಿ.

4. ಸೊಟ್ಟಗಾದ ಹೊಲಿಗೆ ಬಿಚ್ಚಬೇಡಿ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಕೌದಿ ಹೊಲಿಯುವ ಕ್ರಮ ನೋಡಿ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ದಾರದ ಸಾಲು ಬಟ್ಟೆಯ ಅಂಚನ್ನೇ ಅನುಸರಿಸುತ್ತದೆ. ಸ್ಕೇಲು ಇಟ್ಟು ಗೆರೆ ಎಳೆಯುವುದಿಲ್ಲ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಚಿಕ್ಕ ತ್ರಿಕೋನಗಳನ್ನು ಕೂಡಿಸುತ್ತಾರೆ, ಅದಕ್ಕೆ ಫುಲಾ ಎನ್ನುತ್ತಾರೆ. ಫುಲಾ ಇಲ್ಲದ ಕೌದಿ ಮುಗಿದಂತಲ್ಲ. ಇಷ್ಟು ನಿಯಮ ಬಿಟ್ಟರೆ ಒಬ್ಬೊಬ್ಬರ ಕೌದಿಯೂ ಬೇರೆ. ಲಂಬಾಣಿ ಕಸೂತಿಯಲ್ಲಿಯೂ ಕಿಲನ್, ವೇಲೆ, ಮಾಕಿ ಎಂದು ಹೊಲಿಗೆಗಳಿಗೆ ಹೆಸರುಗಳಿವೆ, ಅವುಗಳ ದಾರಿ ನಿಗದಿಯಾಗಿದೆ. ಆದರೂ ಎಳೆಯನ್ನು ಎಷ್ಟು ಬಿಗಿ ಹಿಡಿದಳು, ಎಲ್ಲಿ ಬಣ್ಣ ಬದಲಿಸಿದಳು ಎಂಬುದರಲ್ಲಿ ಹೊಲಿದವಳು ಗೊತ್ತಾಗಿಬಿಡುತ್ತಾಳೆ.

ಹತ್ತು ವರ್ಷದ ಹುಡುಗಿ ಹಾಕಿದ ಸೊಟ್ಟ ಸಾಲನ್ನು ಬಿಚ್ಚಿ ನೀವು ನೆಟ್ಟಗೆ ಹಾಕಿಕೊಟ್ಟರೆ ಆ ಚೌಕದಲ್ಲಿ ಅವಳಿರುವುದಿಲ್ಲ. ಮಾರನೇ ದಿನ ಅವಳು ಬರುವುದೂ ಇಲ್ಲ. ಬಿಚ್ಚಬೇಕಾದದ್ದು ಒಂದೇ ಸಂದರ್ಭದಲ್ಲಿ: ದಾರ ಕೆಳಗಿನ ಪದರವನ್ನು ಹಿಡಿಯದೆ ಮೇಲೆ ಮೇಲೆಯೇ ಹೋಗಿದ್ದರೆ. ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿದರೆ ತಿಳಿಯುತ್ತದೆ. ಆಗಲೂ ಅವರ ಕೈಯಲ್ಲೇ ಬಿಚ್ಚಿಸಿ, ಅವರ ಕೈಯಲ್ಲೇ ಹಾಕಿಸಿ.

5. ಸುಗ್ಗಿಯಲ್ಲಿ ಕರೆಯಬೇಡಿ, ಕೂಲಿ ತಪ್ಪಿಸಬೇಡಿ.

ಶೇಂಗಾ ಕೀಳುವಾಗ, ಮೆಕ್ಕೆಜೋಳ ಮುರಿಯುವಾಗ, ಹೊಳಲ್ಕೆರೆ ಕಡೆ ಅಡಿಕೆ ಸುಲಿಯುವಾಗ ಶಿಬಿರ ಇಟ್ಟರೆ ಬರುವವರು ಕೂಲಿಗೆ ಹೋಗದ ಮನೆಯವರು ಮಾತ್ರ. ಊರ ಕೌದಿಯಲ್ಲಿ ಅರ್ಧ ಊರು ಬಿಟ್ಟುಹೋಗುತ್ತದೆ. ಸಂಕ್ರಾಂತಿ ಕಳೆದ ಮೇಲೆ, ಫಾಲ್ಗುಣದ ಜಾತ್ರೆಗಳ ಒಳಗೆ ಮುಗಿಸಿ. ಹೊಲಕ್ಕೆ ಹೋಗಿದ್ದರೆ ಸಿಗುತ್ತಿದ್ದ ಕೂಲಿಯನ್ನು ಅಂದಂದೇ ಕೈಗೆ ಕೊಡಿ. ಪ್ರಮಾಣಪತ್ರ, ಶಾಲು, ಊಟ ಇವು ಕೂಲಿಯಲ್ಲ. ಇದನ್ನು ನಾನು ಬಲವಾಗಿ ಹೇಳುತ್ತೇನೆ: ದುಡ್ಡಿಲ್ಲದಿದ್ದರೆ 96 ಚೌಕದ ಬದಲು 24 ಚೌಕ ಮಾಡಿ.

6. ಹೊಲಿದವರ ಹೆಸರು ಬಟ್ಟೆಯಲ್ಲೇ ಇರಲಿ.

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಕಾರ್ಯತಂಡದ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ಕಸೂತಿ ತುಣುಕುಗಳನ್ನು ಒಂದೆಡೆ ಇಟ್ಟರು. ಲಂಬಾಣಿ ವಸ್ತುಗಳ ಅತಿ ದೊಡ್ಡ ಪ್ರದರ್ಶನವೆಂದು ಗಿನ್ನೆಸ್ ದಾಖಲೆಯಾಯಿತು. ನಮ್ಮ ರಾಜ್ಯದಲ್ಲಿ ಹಲವರ ಸೂಜಿ ಸೇರಿ ಇಷ್ಟು ದೊಡ್ಡದಾಗಿ ಜನರ ಕಣ್ಣಿಗೆ ಬಿದ್ದದ್ದು ಹೆಮ್ಮೆಯ ಸಂಗತಿ. ಆದರೆ ದಾಖಲೆಗಳಲ್ಲಿ ಉಳಿಯುವುದು ಸಂಖ್ಯೆ. ಆ ನಾನೂರೈವತ್ತರಲ್ಲಿ ಒಬ್ಬಾಕೆಯ ಮೊಮ್ಮಗಳು ಮುಂದೆಂದೋ ಅಜ್ಜಿಯ ತುಣುಕು ಯಾವುದೆಂದು ಹುಡುಕಿದರೆ ಸಿಗಬೇಕಲ್ಲ!

ಆದ್ದರಿಂದ ಪ್ರತಿ ಚೌಕದ ಕೆಳಮೂಲೆಯಲ್ಲಿ ಹೆಸರು, ಊರು ದಾರದಲ್ಲಿಯೇ ಬರಲಿ. ಬರೆಯಲು ಬಾರದವರಿಗೆ ಪೆನ್ಸಿಲ್ಲಿನಲ್ಲಿ ತೆಳುವಾಗಿ ಬರೆದುಕೊಟ್ಟರೆ ಅದರ ಮೇಲೆ ಅವರೇ ಹೊಲಿಯುತ್ತಾರೆ. ಹೆಸರು ಬೇಡವೆನ್ನುವವರು ತಮ್ಮದೊಂದು ಗುರುತು ಹಾಕಲಿ. ಉದ್ಘಾಟಿಸಿದವರ ಹೆಸರು ಕಲ್ಲಿನ ಮೇಲಿರಲಿ, ಬಟ್ಟೆಯ ಮೇಲೆ ಬೇಡ.

7. ತೂಗುವ ಗೋಡೆ ಮೊದಲು ನೋಡಿ.

ಬಟ್ಟೆಯನ್ನು ಊರ ನಡುವೆ ಎತ್ತಿ ಹಿಡಿಯುವುದು ಈ ಸೀಮೆಗೆ ಹೊಸದಲ್ಲ. ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಯಲ್ಲಿ, ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಲ್ಲಿ ದೇವರ ಮುಕ್ತಿ ಬಾವುಟದ ಹರಾಜಿಗೆ ಜನ ಕಿಕ್ಕಿರಿದು ಸೇರುತ್ತಾರೆ, ಬೆಲೆ ಲಕ್ಷಗಳಿಗೆ ಏರುತ್ತದೆ. ಆ ಬಾವುಟ ಗೆದ್ದವರ ಪಾಲಾಗುತ್ತದೆ. ಊರ ಕೌದಿ ಯಾರ ಮನೆಗೂ ಹೋಗುವಂತಿಲ್ಲ, ಹಾಗಾಗಿಯೇ ಅದಕ್ಕೊಂದು ಗೋಡೆ ಬೇಕು.

ಚಿತ್ರದುರ್ಗದ ಕೋಟೆಯ ಕಲ್ಲುಗೋಡೆಯ ಆಸೆ ಬಿಡಿ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಒಂದು ಮೊಳೆ ಹೊಡೆಯುವಂತಿಲ್ಲ. ಬಯಲೂ ಬೇಡ. ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಬೀಸುವ ಊರಿದು, ಎಂಟಡಿ ಬಟ್ಟೆ ಹೊಲಿಗೆಯ ಜಾಗದಲ್ಲೇ ಕಿತ್ತುಬರುತ್ತದೆ. ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಬಣ್ಣ ಹೋಗುತ್ತದೆ. ಚಿತ್ರದುರ್ಗದಲ್ಲಾದರೆ ತ.ರಾ.ಸು. ರಂಗಮಂದಿರದ ಒಳಗೋಡೆಯಂಥದ್ದು, ಹಳ್ಳಿಯಲ್ಲಾದರೆ ಗ್ರಂಥಾಲಯದ್ದೋ ಪಂಚಾಯಿತಿ ಕಟ್ಟಡದ್ದೋ ನೆರಳಿರುವ ಗೋಡೆ ಒಳ್ಳೆಯದು. ಮೊಳೆ ಹೊಡೆದು ಮೂಲೆ ಸಿಕ್ಕಿಸಿದರೆ ಭಾರವೆಲ್ಲ ಆ ಮೂಲೆಗಳ ಮೇಲೆ ಬಿದ್ದು ಬಟ್ಟೆ ಹರಿಯುತ್ತದೆ. ಮೇಲಂಚಿಗೆ ಬೇರೆ ಬಟ್ಟೆಯ ಪಟ್ಟಿ ಕೂಡಿಸಿ, ಅದನ್ನು ನಾಲ್ಕಂಗುಲ ಹಿಂದಕ್ಕೆ ಮಡಚಿ ಹೊಲಿದು, ಅದರೊಳಗೆ ಉದ್ದಕ್ಕೂ ಬಿದಿರಿನ ಗಳ ತೂರಿಸಿ, ಗಳವನ್ನು ತೂಗುಹಾಕಿ.

ವರ್ಷಕ್ಕೊಮ್ಮೆ ಇಳಿಸಿ ಧೂಳು ಕೊಡವಬೇಕು, ಹಿಂಬದಿಗೆ ನುಸಿ ಹಿಡಿದಿದೆಯೇ ನೋಡಬೇಕು, ಬಿಟ್ಟ ಹೊಲಿಗೆ ಹಾಕಬೇಕು. ಹೊಲಿದವರಲ್ಲೇ ಇಬ್ಬರಿಗೆ ಆ ಕೆಲಸ ಒಪ್ಪಿಸಿ, ಅವರ ಆ ದಿನದ ಕೂಲಿಯನ್ನು ಪಂಚಾಯಿತಿ ಲೆಕ್ಕದಲ್ಲಿ ಸೇರಿಸಿಕೊಳ್ಳುವಂತೆ ಉದ್ಘಾಟನೆಗೆ ಮೊದಲೇ ಬರೆಸಿಕೊಳ್ಳಿ.