ತಂತ್ರಾಂಶ ಹೋದರೂ ಅಕ್ಷರ ಉಳಿಯಲಿ

ನಮ್ಮ ಬಳಗದ ಕಥಾಸಂಕಲನಕ್ಕೆ ಬಂದ ಕಥೆಗಳನ್ನು ಒಂದೆಡೆ ಸೇರಿಸುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಕೆಲವರದು ವಿಂಡೋಸ್, ಕೆಲವರದು ಮ್ಯಾಕ್, ಒಬ್ಬರದು ಲಿನಕ್ಸ್. ಹೆಚ್ಚಿನವು ಸಲೀಸಾಗಿ ತೆರೆದುಕೊಂಡವು. ಆದರೆ ಹಿರಿಯರೊಬ್ಬರು ಇಪ್ಪತ್ತು ವರ್ಷದ ಹಿಂದೆ ಬರೆದು ಸಿಡಿಯಲ್ಲಿ ಜೋಪಾನವಾಗಿಟ್ಟಿದ್ದ ಕಥೆ ತೆರೆದರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! "ಇದು ನಾನು ಬರೆದದ್ದೇನಪ್ಪಾ?" ಎಂದು ಅವರು ಕೇಳಿದಾಗ ನಗು ಬರಲಿಲ್ಲ.

ತಪ್ಪು ಅವರದಲ್ಲ. ಆ ಕಾಲದ ಬಹುಪಾಲು ಕನ್ನಡ ಫಾಂಟುಗಳಲ್ಲಿ ನಮ್ಮ ಅಕ್ಷರದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಗ್ಗ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. ಆದರೂ ವಿಂಡೋಸ್‌ನಲ್ಲಿ 2001ರ ಎಕ್ಸ್‌ಪಿ ಬರುವವರೆಗೆ, ಮ್ಯಾಕ್‌ನಲ್ಲಿ ಇನ್ನೂ ಕೆಲವು ವರ್ಷ, ನಾವು ಕಾಯಬೇಕಾಯಿತು. 'ಬರಹ', 'ನುಡಿ' ಇಲ್ಲದಿದ್ದರೆ ಆಗ ನಮ್ಮಲ್ಲಿ ಎಷ್ಟೋ ಜನ ಬರೆಯುತ್ತಲೇ ಇರಲಿಲ್ಲ. ಮುಂದೆ ಅವೂ ಯೂನಿಕೋಡಿಗೆ ಬಂದವು. ನಮ್ಮ ಹಳೆಯ ಕಡತಗಳು ಮಾತ್ರ ಅಲ್ಲೇ ಉಳಿದವು.

ಹಾಗಾಗಿ "ಯಾವ ತಂತ್ರಾಂಶ ಚೆನ್ನ?" ಎನ್ನುವುದಕ್ಕಿಂತ "ಅದಿಲ್ಲದೆಯೂ ನನ್ನ ಬರಹ ತೆರೆಯುತ್ತದೆಯೇ?" ಎಂದು ಕೇಳುವುದು ಮೇಲು. ಕಾದಂಬರಿಕಾರರಿಗೆ ಪ್ರಿಯವಾದ ಸ್ಕ್ರಿವನರ್ ಅಧ್ಯಾಯಗಳನ್ನು ಹಿಂದೆಮುಂದೆ ಮಾಡಲು ಬಲು ಅನುಕೂಲ. ಆದರೆ ಅದರ ಒಂದು ಕೃತಿಯೆಂದರೆ ಹಲವು ಕಡತಗಳ ಒಂದು ಕಟ್ಟು. ಲಿನಕ್ಸ್ ಗೆಳೆಯರಿಗೆ ಅದರದೇ ಆವೃತ್ತಿಯೂ ಇಲ್ಲ. ಗೂಗಲ್ ಡಾಕ್ಸ್‌ನಲ್ಲಿ ನಾಲ್ವರು ಕೂಡಿ ತಿದ್ದಬಹುದು, ಆದರೆ ಹಸ್ತಪ್ರತಿ ಇರುವುದು ಪರರ ಮನೆಯಲ್ಲಿ. ಸಂಪಾದಕರ ಟಿಪ್ಪಣಿ, ತಿದ್ದುಪಡಿಗೆ ವರ್ಡ್ ಸೊಗಸು. ನನ್ನ ಮತ ಲಿಬ್ರೆಆಫೀಸಿಗೆ: ಮೂರೂ ಗಣಕಗಳಲ್ಲಿ ನಡೆಯುತ್ತದೆ, ದುಡ್ಡಿಲ್ಲ, ಅದರ ಓಪನ್‌ಡಾಕ್ಯುಮೆಂಟ್ ಕಡತ 2006ರಿಂದ ಅಂತರರಾಷ್ಟ್ರೀಯ ಮಾನಕ. ನೋಟ ವರ್ಡ್‌ನಷ್ಟು ಚೆಂದವಿಲ್ಲ, ನಿಜ.

ಯಾವುದನ್ನೇ ಆರಿಸಿ, ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. 'ಸ್ತ್ರೀ', 'ಜ್ಞಾನ', 'ಸೂರ್ಯ', 'ರ‍್ಯಾಂಕ್' ಇರುವ ನಾಲ್ಕು ಸಾಲು ಬರೆದು ಬೇರೆ ಗಣಕದ ಗೆಳೆಯರಿಗೆ ಕಳಿಸಿ. 'ಸೂರ್ಯ'ಕ್ಕೆ ಅರ್ಕಾವತ್ತು ಬರಬೇಕು, 'ರ‍್ಯಾಂಕ್'ಗೆ ಬರಬಾರದು. ಈ ಭೇದವನ್ನು ಕಾಯುವುದು ಕಣ್ಣಿಗೆ ಕಾಣದ ಒಂದು ಸಂಕೇತ; ಅದು ದಾರಿಯಲ್ಲಿ ಕಳೆದುಹೋದರೆ ಗೊತ್ತಾಗಿಬಿಡುತ್ತದೆ. ಕೃತಿ ಮುಗಿದ ಮೇಲೆ ಬರೀ ಪಠ್ಯದ ಯೂನಿಕೋಡ್ ಪ್ರತಿಯೊಂದನ್ನೂ ತೆಗೆದಿಡಿ. ಪಿಡಿಎಫ್ ಒಂದೇ ಸಾಲದು. ಹಳೆಯ ಫಾಂಟಿನ ಪಿಡಿಎಫ್ ಕಣ್ಣಿಗೆ ಕನ್ನಡ, ನಕಲಿಸಿದರೆ ಅದೇ ಕಗ್ಗ.

ಹಿರಿಯರ ಕಥೆಯನ್ನು ಪರಿವರ್ತಕಕ್ಕೆ ಹಾಕಿದೆ. ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿದ್ದವು. ಮೂರು ಸಂಜೆ ಫೋನಿನಲ್ಲಿ ಅವರು ನೆನಪಿನಿಂದ ಹೇಳಿದರು, ನಾನು ತಿದ್ದಿದೆ. ಬರೆದವರೇ ಇದ್ದರು, ಕೇಳಿದೆ. ನಾಳೆ ನಮ್ಮ ಮಕ್ಕಳು ನಮ್ಮ ಕಡತ ತೆರೆದಾಗ ಯಾರನ್ನು ಕೇಳಬೇಕು?