ವಾದ್ಯದ ಒಡಲಿನಲ್ಲಿ ಬೆಳಕು

ವಾದ್ಯಗಳ ಛಾಯಾಚಿತ್ರಗಳಲ್ಲಿ ಬಹುಮಟ್ಟಿಗೆ ಕಾಣುವುದು ಹೊರಮೈಯ ಹೊಳಪು. ಕರಿಯ ತೆರೆಯ ಮುಂದೆ ವೀಣೆಯನ್ನೋ ಪಿಟೀಲನ್ನೋ ಇರಿಸಿ, ಒಂದು ಮಗ್ಗುಲಿನಿಂದ ಮಂದವಾದ ಬೆಳಕನ್ನು ಬಿಟ್ಟರೆ ಮೆರುಗು ತಾನಾಗಿಯೇ ಮಿನುಗುತ್ತದೆ. ಅಂತಹ ಚಿತ್ರವು ಒಡವೆಯಂಗಡಿಯ ಗಾಜಿನ ಪೆಟ್ಟಿಗೆಯನ್ನು ನೆನಪಿಗೆ ತರುವುದೇ ಹೊರತು ನಾದವನ್ನಲ್ಲ. ನ್ಯೂಜಿಲೆಂಡಿನ ಚಾರ್ಲ್ಸ್ ಬ್ರೂಕ್ಸರ ಚಿತ್ರಮಾಲೆಯು ಈ ವಾಡಿಕೆಯನ್ನು ತೊರೆದು ವಾದ್ಯದ ಒಡಲನ್ನೇ ಹೊಕ್ಕಿದೆ. ಪಿಟೀಲಿನ ಜಾತಿಯ ದೊಡ್ಡ ವಾದ್ಯವಾದ ಚೆಲ್ಲೊವನ್ನು ಮೇಳಗಳಲ್ಲಿ ನುಡಿಸುತ್ತಿದ್ದು, ಆಮೇಲೆ ಛಾಯಾಗ್ರಹಣಕ್ಕೆ ತಿರುಗಿದವರು ಅವರು.

ಮಾಲೆಯಲ್ಲಿ ಹೆಸರಾದುದು ಲಂಡನ್ನಿನ ಲಾಕಿ ಹಿಲ್ ಎಂಬ ಕುಶಲಿಯು 1780ರ ಸುಮಾರಿಗೆ ರಚಿಸಿದ ಚೆಲ್ಲೊವಿನ ಚಿತ್ರ. ನಾದರಂಧ್ರಗಳಿಂದ ಬೆಳಕು ಒಳಕ್ಕೆ ಇಳಿದಿದೆ. ಪಕ್ಕೆಹಲಗೆಗಳು ಗೋಡೆಗಳಾಗಿ, ಹಿಂಬದಿಯ ಹಲಗೆ ನೆಲವಾಗಿ, ಅರ್ಧಗೇಣಿನ ಎತ್ತರದ ಗೂಡು ಸಭಾಮಂಟಪದಂತೆ ತೋರುತ್ತದೆ. ಕನ್ನಡಿಗನಾದವನಿಗೆ ಹೊಯ್ಸಳರ ಗುಡಿಯ ಜಾಲಂಧ್ರಗಳಿಂದ ನವರಂಗಕ್ಕೆ ಇಳಿಯುವ ಬಿಸಿಲು ನೆನಪಾದರೆ ಆಶ್ಚರ್ಯವಿಲ್ಲ.

ಈ ಭ್ರಾಂತಿಗೆ ಬೆಳಕೊಂದೇ ಕಾರಣವಲ್ಲ. ತೀರ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮುಂದಿನದು ಸ್ಫುಟವಾದರೆ ಹಿಂದಿನದು ಮಸುಕಾಗುವುದಷ್ಟೆ. ಆ ಮಸುಕಿನಿಂದಲೇ ಕಣ್ಣು ವಸ್ತುವನ್ನು ಚಿಕ್ಕದೆಂದು ಅಳೆಯುತ್ತದೆ. ಬ್ರೂಕ್ಸರು ಸಣ್ಣ ಕೊಳವೆಯಂತಹ ಮಸೂರವನ್ನು ಒಳಕ್ಕೆ ತೂರಿಸಿ, ಒಂದೊಂದು ದೂರಕ್ಕೂ ಬೇರೆಬೇರೆಯಾಗಿ ನೂರಾರು ಚಿತ್ರಗಳನ್ನು ತೆಗೆದು, ಸ್ಫುಟವಾದ ಭಾಗಗಳನ್ನೆಲ್ಲ ಒಂದಾಗಿ ಹೊಂದಿಸುತ್ತಾರೆ. ಮಸುಕು ಅಳಿದೊಡನೆ ಗಾತ್ರದ ಅಳತೆಯೂ ತಪ್ಪುತ್ತದೆ.

ಆದರೆ ಗೂಡು ಮಂಟಪವಾಯಿತೆಂಬ ವಿಸ್ಮಯವು ಮೊದಲ ನೋಟಕ್ಕೆ ಮುಗಿದುಹೋಗುವಂತಹುದು. ಈ ಚಿತ್ರದ ಮೇಲ್ಮೆಯಿರುವುದು ಬೇರೆಡೆಯಲ್ಲಿ. ಓರೆಯಾಗಿ ಸರಿದ ಬೆಳಕು ಉಳಿಯ ಗುರುತನ್ನೂ, ಮುಂದಿನವರು ದುರಸ್ತಿಗಾಗಿ ಅಂಟಿಸಿದ ತೇಪೆಗಳನ್ನೂ ಎತ್ತಿ ತೋರುತ್ತದೆ. ಪರರ ಕಣ್ಣಿಗೆ ಬೀಳುವುದೆಂದು ಆ ಕುಶಲಿಗಳಾರೂ ಎಣಿಸಿರಲಾರರು; ಆದುದರಿಂದ ಅಲ್ಲಿ ಅಲಂಕಾರವಿಲ್ಲ, ಕೆಲಸವಿದೆ. ಮೇಲುಹಲಗೆಗೂ ಹಿಂಬದಿಯ ಹಲಗೆಗೂ ನಡುವೆ ನಿಂತ ಒಂಟಿ ಕಡ್ಡಿಗೆ ಫ್ರೆಂಚರೂ ಇಟಲಿಯವರೂ ಇಟ್ಟ ಹೆಸರು 'ಆತ್ಮ'. ಅದು ಕೂದಲೆಳೆಯಷ್ಟು ಸರಿದರೂ ಸ್ವರದ ಗುಣ ಬೇರೆಯಾಗುತ್ತದೆ. ಚೆಲ್ಲೊವನ್ನು ಎದೆಗೊರಗಿಸಿ ಅದರ ಕಂಪನವನ್ನು ಬಲ್ಲವನು ಮಾತ್ರವೇ ಆ ಕಡ್ಡಿಯ ಮೇಲೆ ಬೆಳಕು ಬೀಳುವುದನ್ನು ಇಷ್ಟು ತಾಳ್ಮೆಯಿಂದ ಕಾದಾನು.

ಮಾಲೆಯ ಎಲ್ಲ ಚಿತ್ರಗಳಿಗೂ ಈ ಮಾತು ಸಲ್ಲದು. ಕೆಲವೆಡೆ ಬೆಳಕು ದಿವ್ಯದರ್ಶನದ ಆಡಂಬರಕ್ಕೆ ಏರಿ, ಮರವು ಮರವೆಂಬುದೇ ಮರೆಯುವಂತಾಗಿದೆ. ಹೊರಮೈಯ ಹೊಳಪನ್ನು ಬಿಟ್ಟು ಬಂದವರು ಒಳಗೂ ಅದನ್ನೇ ಬೆಳಗಿದಂತೆ. ಔಚಿತ್ಯವನ್ನು ಬಲ್ಲ ನೋಟಕನು ಲಾಕಿ ಹಿಲ್ಲನ ಚೆಲ್ಲೊವಿಗೇ ಹಿಂದಿರುಗುವನು. ಅಲ್ಲಿ ತೇಪೆಯ ಅಂಚು ಕಾಣುವಷ್ಟು ಬೆಳಕುಂಟು.